ಮಗುವಿಗೆ ವಾಂತಿ–ಭೇದಿಯಾದಾಗ ಮನೆಯ ಶುದ್ಧಿ: ಶ್ರಾವಕರ ಮನೆಗೊಂದು ಮಾರ್ಗದರ್ಶಿ

ಬಂಗಾರಪೇಟೆಯಿಂದ ಕವಲೊಡೆದು ಹೊರಡುವ ರೈಲು ಮಾರ್ಗದ ಕೊನೆಯ ನಿಲ್ದಾಣ ಮಾರಿಕುಪ್ಪಂ. 2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿದ ಮೇಲೆ ಇಲ್ಲಿನ ಅನೇಕ ಮನೆಗಳ ದುಡಿಯುವ ಕೈಗಳು ಮುಂಜಾನೆಯೇ ರೈಲು ಹತ್ತಿ ಬೆಂಗಳೂರಿಗೆ ಹೋಗುತ್ತವೆ. ಹಗಲಿನಲ್ಲಿ ಮಗುವಿಗೆ ವಾಂತಿ–ಭೇದಿಯಾದರೆ ಮನೆಯಲ್ಲಿರುವುದು ಹೆಚ್ಚಾಗಿ ಅಜ್ಜಿ ಅಥವಾ ತಾಯಿ ಮಾತ್ರ. ಶಾಶ್ವತ ನದಿ ಇಲ್ಲದ ಕೋಲಾರ ಜಿಲ್ಲೆಯಲ್ಲಿ ನೀರೂ ಲೆಕ್ಕದ್ದೇ. ಇಂಥ ಮನೆಯಲ್ಲಿ ಧರ್ಮಕ್ಕೂ ಆರೋಗ್ಯಕ್ಕೂ ಹೊಂದುವಂತೆ ಶುದ್ಧಿ ಮಾಡುವ ಕ್ರಮ ಇಲ್ಲಿದೆ.

ತಡ ಮಾಡಬಾರದೇಕೆ?

ಜೈನಾಗಮಗಳು ಜನ್ಮವನ್ನು ಸಮ್ಮೂರ್ಛನ, ಗರ್ಭ, ಉಪಪಾದ ಎಂದು ಮೂರು ಬಗೆಯಾಗಿ ಹೇಳುತ್ತವೆ. ಶ್ವೇತಾಂಬರ ಪರಂಪರೆಯ ಪ್ರಜ್ಞಾಪನಾ ಸೂತ್ರವು ಸಮ್ಮೂರ್ಛಿಮ ಮನುಷ್ಯ ಜೀವಗಳು ಹುಟ್ಟುವ 14 ಸ್ಥಾನಗಳನ್ನು ಎಣಿಸುತ್ತದೆ. ಮಲ, ಮೂತ್ರ, ಕಫ, ವಾಂತಿ ಅವುಗಳಲ್ಲಿ ಸೇರಿವೆ. ಆದ್ದರಿಂದಲೇ ಇವುಗಳನ್ನು ಒಂದು ಮುಹೂರ್ತ, ಅಂದರೆ 48 ನಿಮಿಷಕ್ಕಿಂತ ಹೆಚ್ಚು ಕಾಲ ಹಸಿಯಾಗಿ ಬಿಡಬಾರದೆಂಬ ರೂಢಿ ಬೆಳೆದಿದೆ. ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳ ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಕೊನೆಯದಾದ ಉತ್ಸರ್ಗ ಸಮಿತಿಯೂ ಮಲಮೂತ್ರಾದಿಗಳನ್ನು ಜೀವಜಂತುಗಳಿಲ್ಲದ ಜಾಗದಲ್ಲಿ, ನೋಡಿ, ಎಚ್ಚರದಿಂದ ವಿಸರ್ಜಿಸಬೇಕೆನ್ನುತ್ತದೆ.

ವೈದ್ಯಶಾಸ್ತ್ರದ ಸಲಹೆಯೂ ಬೇಗ ಒರೆಸಿ ಎಂದೇ. ಮಕ್ಕಳ ವಾಂತಿ–ಭೇದಿಗೆ ಸಾಮಾನ್ಯ ಕಾರಣಗಳು ರೋಟಾ ಮತ್ತು ನೋರೋ ಎಂಬ ವೈರಾಣುಗಳು. ತೀರಾ ಕಡಿಮೆ ಸಂಖ್ಯೆಯ ನೋರೋ ವೈರಾಣು ಹೊಟ್ಟೆಗೆ ಹೋದರೂ ಸಾಕು, ಮತ್ತೊಬ್ಬರು ಮಲಗುತ್ತಾರೆ.

ಔಷಧಿ ನೀರು ಹಾಕುವುದು ಹಿಂಸೆಯೇ?

ಅನೇಕ ಮನೆಗಳಲ್ಲಿ ಹಿರಿಯರು ಈ ಪ್ರಶ್ನೆಗೆ ತಡೆದು ನಿಲ್ಲುತ್ತಾರೆ. ಗೃಹಸ್ಥನ ಅಹಿಂಸಾಣುವ್ರತ ಪೂರ್ಣವಾಗಿ ಬಿಡಿಸುವುದು ಸಂಕಲ್ಪೀ ಹಿಂಸೆಯನ್ನು, ಅಂದರೆ ಕೊಲ್ಲಬೇಕೆಂದೇ ಕೊಲ್ಲುವುದನ್ನು. ಅಡುಗೆ, ಗುಡಿಸುವಿಕೆ, ಶುಚಿತ್ವದಂಥ ಮನೆಗೆಲಸದಲ್ಲಿ ಆಗುವುದು ಆರಂಭೀ ಹಿಂಸೆ. ಅದನ್ನು ಆದಷ್ಟು ಕಡಿಮೆ ಮಾಡುವುದೇ ಶ್ರಾವಕನ ಯತ್ನಾಚಾರ. ಮಾಲಿನ್ಯ ಉಳಿದಷ್ಟೂ ಅದರಲ್ಲಿ ಜೀವೋತ್ಪತ್ತಿ ಹೆಚ್ಚು, ನೊಣ–ಇರುವೆಗಳ ಸಾವು ಹೆಚ್ಚು, ಇನ್ನೊಂದು ಮಗುವಿಗೆ ರೋಗ ತಗಲುವ ಭಯವೂ ಹೆಚ್ಚು. ಬೇಗ ಒರೆಸಿ, ಬೇಕಾದಷ್ಟೇ ಜಾಗಕ್ಕೆ ಬೇಕಾದಷ್ಟೇ ದ್ರಾವಣ ಬಳಸುವುದು ಕಡಿಮೆ ಹಿಂಸೆಯ ದಾರಿ.

ಶುದ್ಧಿಯ ಕ್ರಮ

1. ಮೊದಲು ಮಗುವನ್ನು ಎತ್ತಿ ಬಾಯಿ ಒರೆಸಿ, ಪಕ್ಕಕ್ಕೆ ವಾಲಿಸಿ ಮಲಗಿಸಬೇಕು. ಉಳಿದ ಮಕ್ಕಳನ್ನು ಬೇರೆ ಕೋಣೆಗೆ ಕಳಿಸಿ ಕಿಟಕಿ ತೆರೆಯಬೇಕು.

2. ಮೂಗು–ಬಾಯಿಗೆ ಬಟ್ಟೆ ಕಟ್ಟಿ, ಕೈಗೆ ಗ್ಲೌಸ್ ಅಥವಾ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಬೇಕು. ವಾಂತಿಯ ಸೂಕ್ಷ್ಮ ಹನಿಗಳು ಗಾಳಿಯಲ್ಲಿ ಹಾರುತ್ತವೆ.

3. ಸುತ್ತ ಇರುವೆ ಬಂದಿದ್ದರೆ ಮೃದುವಾದ ಪೊರಕೆಯಿಂದ ನಿಧಾನವಾಗಿ ಸರಿಸಬೇಕು. ಬಳಿಕ ಒಲೆಯ ತಣ್ಣನೆಯ ಬೂದಿ, ಹಳೆಯ ಕಾಗದ ಅಥವಾ ಒಣ ಬಟ್ಟೆ ಹಾಕಿ ಹೀರಿಸಬೇಕು. ಮೊದಲೇ ನೀರು ಸುರಿದರೆ ಮಾಲಿನ್ಯ ಹರಡುತ್ತದೆ, ನೀರೂ ವ್ಯರ್ಥ. ಕೆ.ಜಿ.ಎಫ್. ಸುತ್ತಲಿನವರು ಗಣಿಯ ‘ಸೈನೈಡ್ ದಿಬ್ಬ’ದ ನುಣುಪು ಮರಳನ್ನು ಮಾತ್ರ ಇದಕ್ಕೆ ತರಬಾರದು. ಅದು ಅದಿರನ್ನು ಸೈನೈಡ್‌ನಿಂದ ಸಂಸ್ಕರಿಸಿ ಉಳಿದ ತ್ಯಾಜ್ಯ.

4. ಹೊರ ಅಂಚಿನಿಂದ ಒಳಕ್ಕೆ ಬಳಿದು ತೆಗೆದು, ದ್ರವವನ್ನು ಶೌಚಾಲಯಕ್ಕೆ, ಕಾಗದ–ಬೂದಿಯನ್ನು ಕಟ್ಟಿದ ಚೀಲದಲ್ಲಿ ಕಸಕ್ಕೆ ಹಾಕಬೇಕು. ಮುನಿಗಳಿಗೆ ವಿಸರ್ಜನೆಗೆ ನಿರ್ಜನ ಭೂಮಿ ಸಿಗುತ್ತದೆ. ಗೋಡೆಗೆ ಗೋಡೆ ತಾಗಿದ ಲೈನ್ ಮನೆಗಳ ಬೀದಿಯಲ್ಲಿ ಅದು ಸಿಗದು. ತೆರೆದ ಚರಂಡಿಗೆ ಸುರಿದರೆ ನೊಣ ಕೂರುತ್ತದೆ, ನೆರೆಮನೆಗೂ ತೊಂದರೆ.

5. ನಂತರ ಸೋಪು ನೀರಿನಿಂದ ಒರೆಸಿ, ಕೊನೆಗೆ ಕ್ಲೋರಿನ್ ದ್ರಾವಣ ಹಚ್ಚಬೇಕು. ಒಂದು ಲೀಟರ್ ನೀರಿಗೆ ಸುಮಾರು 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚ ಬ್ಲೀಚಿಂಗ್ ಪೌಡರ್ ಸಾಕು. 10 ನಿಮಿಷ ಬಿಟ್ಟು ಶುದ್ಧ ನೀರಿನಿಂದ ಒರೆಸಬೇಕು. ದ್ರಾವಣವನ್ನು ಆಯಾ ದಿನವೇ ಕಲಸಬೇಕು. ಶೌಚಾಲಯ ತೊಳೆಯುವ ಆಸಿಡ್ ಜೊತೆ ಇದನ್ನು ಎಂದೂ ಬೆರೆಸಬಾರದು, ವಿಷಾನಿಲ ಹೊರಡುತ್ತದೆ.

6. ಬಾಗಿಲ ಚಿಲಕ, ನಲ್ಲಿ, ಸ್ವಿಚ್, ಮೊಬೈಲ್ ಮತ್ತು ಆಟಿಕೆಗಳನ್ನೂ ಒರೆಸಬೇಕು. ಸ್ವಿಚ್, ಮೊಬೈಲ್‌ಗಳಿಗೆ ಹಿಂಡಿದ ಬಟ್ಟೆ ಸಾಕು.

7. ಬಟ್ಟೆ–ಹಾಸಿಗೆಯನ್ನು ಕೊಡವದೆ ಮಡಚಿ ಒಯ್ದು, ಬೇರೆಯಾಗಿ ಬಿಸಿನೀರು–ಸೋಪಿನಲ್ಲಿ ತೊಳೆದು ಬಿಸಿಲಿಗೆ ಹಾಕಬೇಕು. ನೆನೆಸಿಟ್ಟು ರಾತ್ರಿ ಕಳೆಯುವುದು ಬೇಡ.

8. ಕೊನೆಗೆ ಸೋಪಿನಿಂದ 20 ಸೆಕೆಂಡು ಕೈ ತೊಳೆಯಬೇಕು. ನೋರೋ ವೈರಾಣುವಿನ ಮೇಲೆ ಹ್ಯಾಂಡ್ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡದು. ಶುದ್ಧಿ ಮಾಡಿದವರೇ ಅಡುಗೆಗೂ ನಿಲ್ಲಬೇಕಾದ ಮನೆಯಲ್ಲಿ ಈ ಹೆಜ್ಜೆ ತಪ್ಪಲೇಬಾರದು.

ಮಗುವಿಗೆ ನೀರು

ನೆಲ ಒರೆಸುವುದಕ್ಕಿಂತ ಮುಖ್ಯವಾದದ್ದು ಮಗುವಿನ ದೇಹದಿಂದ ಹೋದ ನೀರನ್ನು ಮರಳಿಸುವುದು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬೀಸ್ ಉಪ್ಪು–ಗ್ಲೂಕೋಸ್ ಬೆರೆಸಿದ ನೀರಿನಿಂದಲೇ ಅಸಂಖ್ಯ ಜೀವ ಉಳಿಸಿದರು. ಅದೇ ಇಂದಿನ ಓಆರ್‌ಎಸ್. ವಾಂತಿಯಾದ ಮೇಲೆ 10 ನಿಮಿಷ ತಡೆದು, ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕುಡಿಸಬೇಕು. ಪ್ರತಿ ಭೇದಿಯ ನಂತರ 2 ವರ್ಷದೊಳಗಿನ ಮಗುವಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಕೊಡಬೇಕು. ತಾಯಿಹಾಲು ನಿಲ್ಲಿಸಬಾರದು. ಆಶಾ ಕಾರ್ಯಕರ್ತೆಯರ ಬಳಿ ಓಆರ್‌ಎಸ್ ಪೊಟ್ಟಣ ಸಿಗುತ್ತದೆ. ವೈದ್ಯರು ಹೇಳಿದಂತೆ ಜಿಂಕ್ ಮಾತ್ರೆಯನ್ನು 14 ದಿನ ಪೂರ್ತಿ ಮಾಡಬೇಕು.

ಸೋಸಿ ಕುದಿಸಿದ ಪ್ರಾಸುಕ ನೀರು ಜೈನ ಮನೆಗಳಲ್ಲಿ ಸದಾ ಸಿದ್ಧವಿರುವುದು ಇಲ್ಲಿ ದೊಡ್ಡ ಅನುಕೂಲ. ಅದನ್ನು ಆರಿಸಿ ಓಆರ್‌ಎಸ್ ಕಲಸಬಹುದು. ಕಲಸಿದ್ದು ವೈದ್ಯಕೀಯವಾಗಿ 24 ಗಂಟೆ ಬಾಳುತ್ತದೆ. ಕುದಿಸಿದ ನೀರಿಗೆ ಮಳೆಗಾಲದಲ್ಲಿ 3, ಚಳಿಗಾಲದಲ್ಲಿ 4, ಬೇಸಿಗೆಯಲ್ಲಿ 5 ಪ್ರಹರಗಳ ಮಿತಿ ಪಾಲಿಸುವ ಶ್ವೇತಾಂಬರ ಮನೆಗಳು 200 ಮಿ.ಲೀ.ಯ ಸಣ್ಣ ಪೊಟ್ಟಣ ತಂದು ಆಗಾಗ ಕಲಸಿದರೆ ಚೆಲ್ಲುವುದೂ ತಪ್ಪುತ್ತದೆ. ಆದರೆ ಕುದಿಸುವುದರಿಂದ ಕೊಳವೆಬಾವಿ ನೀರಿನ ಫ್ಲೋರೈಡ್ ಹೋಗದು; ಕೋಲಾರ ಜಿಲ್ಲೆಯವರು ಶುದ್ಧೀಕರಿಸಿದ ನೀರನ್ನೇ ಕುದಿಸುವುದು ಲೇಸು.

ಸೂರ್ಯಾಸ್ತದ ನಂತರ?

ರಾತ್ರಿ ಏನೂ ಕುಡಿಸದ ನಿಯಮವಿರುವ ಮನೆಯಲ್ಲಿ ಸಂಜೆ ಭೇದಿ ಶುರುವಾದರೆ ಹಿರಿಯರು ಬೆಳಗಿನವರೆಗೆ ಕಾಯೋಣ ಎನ್ನುವುದುಂಟು. ಇದು ಪ್ರಾಣಾಪಾಯದ ತಡ. ಸಣ್ಣ ಮಗು ಯಾವ ಪಚ್ಚಕ್ಖಾಣವನ್ನೂ ತೆಗೆದುಕೊಂಡಿರುವುದಿಲ್ಲ. ತೆಗೆದುಕೊಂಡ ದೊಡ್ಡವರಿಗೂ ಶ್ವೇತಾಂಬರ ಪಚ್ಚಕ್ಖಾಣ ಪಾಠಗಳಲ್ಲಿ ‘ಸವ್ವಸಮಾಹಿವತ್ತಿಯಾಗಾರ’ ಎಂಬ ವಿನಾಯಿತಿ ಇದೆ. ತೀವ್ರ ವ್ಯಾಧಿಯಲ್ಲಿ ಸಮಾಧಿ ಕೆಡದಂತೆ ಔಷಧ ಸ್ವೀಕರಿಸಲು ಅದು ಅವಕಾಶ ಕೊಡುತ್ತದೆ. ಮಗುವಿಗೆ ಓಆರ್‌ಎಸ್ ರಾತ್ರಿಯೂ ನಿಲ್ಲಬಾರದು.

ಯಾವಾಗ ವೈದ್ಯರ ಬಳಿಗೆ?

ಆರೆಂಟು ಗಂಟೆ ಮೂತ್ರ ಹೋಗದಿದ್ದರೆ, ಕಣ್ಣು ಗುಳಿಬಿದ್ದು ಅಳುವಾಗ ಕಣ್ಣೀರು ಬಾರದಿದ್ದರೆ, ಮಂಪರು ಕವಿದರೆ, ಕುಡಿದದ್ದೆಲ್ಲ ವಾಂತಿಯಾದರೆ, ಮಲದಲ್ಲಿ ರಕ್ತ ಅಥವಾ ಹಸಿರು ಬಣ್ಣದ ವಾಂತಿ ಕಂಡರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆರು ತಿಂಗಳೊಳಗಿನ ಶಿಶುವಾದರೆ ಈ ಲಕ್ಷಣಗಳಿಗೆ ಕಾಯದೆ ವೈದ್ಯರಿಗೆ ತೋರಿಸಬೇಕು.

ವಾಂತಿ–ಭೇದಿ ನಿಂತ ಮೇಲೂ 48 ಗಂಟೆ ಮಗುವನ್ನು ಶಾಲೆಗೂ ಪಾಠಶಾಲೆಗೂ ಕಳಿಸದಿರುವುದು ಒಳ್ಳೆಯದು. ಶಿಶುಗಳಿಗೆ 6, 10, 14ನೇ ವಾರದಲ್ಲಿ ರೋಟಾ ಲಸಿಕೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಬೂದಿ, ಹಳೆ ಬಟ್ಟೆ, ಬ್ಲೀಚಿಂಗ್ ಪೌಡರ್, ಸೋಪು ಒಂದು ಡಬ್ಬದಲ್ಲಿ ಮಕ್ಕಳ ಕೈಗೆಟುಕದಂತೆ, ನಾಲ್ಕು ಓಆರ್‌ಎಸ್ ಪೊಟ್ಟಣ ಅಡುಗೆಮನೆಯಲ್ಲಿ ಸಿದ್ಧವಿದ್ದರೆ, ಒಬ್ಬರೇ ಇರುವ ಮನೆಯಲ್ಲೂ ಒಂದು ಮುಹೂರ್ತದೊಳಗೆ ಎಲ್ಲವನ್ನೂ ಮುಗಿಸಬಹುದು.