ಹಾವಿಗೆಂದು ತಂದ ಇಲಿ

ಪೆರಂಬೂರಿನಲ್ಲಿ ನಾನಿರುವ ಬಾಡಿಗೆ ಮನೆಯ ಮಹಡಿಯಲ್ಲಿ ಓನರ್ ಮಗ ಒಂದು ಹೆಬ್ಬಾವು ಸಾಕಿದ್ದಾನೆ. ನಮ್ಮ ಕಾಡಿನ ಹೆಬ್ಬಾವಲ್ಲ, ಆಫ್ರಿಕಾ ಮೂಲದ ಬಾಲ್ ಪೈಥಾನ್. ಹೆದರಿದರೆ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುತ್ತಿಕೊಳ್ಳುವ ಸಾಧು ಪ್ರಾಣಿ. 1972ರ ವನ್ಯಜೀವಿ ಕಾಯ್ದೆಯಿಂದಾಗಿ ನಮ್ಮ ಕೇರೆಹಾವನ್ನು ಹಿಡಿದು ಮನೆಯಲ್ಲಿ ಸಾಕುವಂತಿಲ್ಲ. ಅದಕ್ಕೇ ಹಾವು ಸಾಕುವ ಹುಚ್ಚಿನವರು ಹೊರದೇಶದ್ದನ್ನು ಹುಡುಕುತ್ತಾರೆ. 2024ರ ನಿಯಮದಂತೆ ಇವನ್ನೂ ಸರ್ಕಾರದ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಹುಡುಗ ಹಾವಿಗಿಂತ ಮೊದಲು ಆ ಕಾಗದವನ್ನೇ ತೋರಿಸಿದ್ದ.

ಕಳೆದ ಮೇ ತಿಂಗಳಲ್ಲಿ ಅವನು ಹತ್ತು ದಿನ ಊರಿಗೆ ಹೊರಟಾಗ ಗಾಜಿನ ಪೆಟ್ಟಿಗೆಯ ಕೀಲಿಯ ಜೊತೆ ಒಂದು ಪ್ಲಾಸ್ಟಿಕ್ ಟಬ್ಬನ್ನೂ ನನಗೆ ಒಪ್ಪಿಸಿದ. ಒಳಗೆ ಆರು ಇಲಿ. "ಶುಕ್ರವಾರ ಒಂದು ಹಾಕಿ ಅಣ್ಣಾ. ಅರ್ಧ ಗಂಟೆ ಅಲ್ಲೇ ಕೂತಿರಿ. ತಿನ್ನದಿದ್ರೆ ತೆಗೆದುಬಿಡಿ, ಇಲಿ ಕಚ್ಚಿದ್ರೆ ಹಾವಿಗೆ ಗಾಯ ಆಗತ್ತೆ," ಎಂದು ತಮಿಳಿನಲ್ಲಿ ಹೇಳಿದ. ನಾಲ್ಕು ಮೆಟ್ಟಿಲಿಳಿದವನು ತಿರುಗಿ, "ಕಪ್ಪು ತಲೆಯದ್ದು ಮಾತ್ರ ಬೇಡ," ಎಂದ.

ಅದು ಯಾಕೆ ಬೇಡ ಎಂಬುದಕ್ಕೆ ಕಾರಣ ಹಾವಿನ ಸ್ವಭಾವದಲ್ಲೇ ಇದೆ. ಬಾಲ್ ಪೈಥಾನ್ ಉಪವಾಸಕ್ಕೆ ಹೆಸರಾದದ್ದು. ಆರೋಗ್ಯವಾಗಿದ್ದೂ ತಿಂಗಳುಗಟ್ಟಲೆ ಬಾಯಿ ತೆರೆಯದೆ ಇರಬಲ್ಲದು. ಹಾವಿಗೆಂದು ತಂದ ಮರಿ ಅಷ್ಟು ದಿನ ಮನೆಯಲ್ಲಿ ಉಳಿಯುತ್ತದೆ, ಬೆಳೆಯುತ್ತದೆ, ಕೈ ಕಂಡರೆ ಎದ್ದು ನಿಲ್ಲುತ್ತದೆ. ಮೂರು ತಿಂಗಳು ಕಾಳು ಹಾಕಿದ ಕೈಯೇ ಅದನ್ನು ಬಾಲ ಹಿಡಿದು ಎತ್ತಬೇಕು. ಜಪಾನಿನ ಮುತ್ಸುಗೋರೋ ಪ್ರಾಣಿಸಂಗ್ರಹಾಲಯದಲ್ಲಿ 2005ರಲ್ಲಿ ಹೀಗೇ ಆಯಿತು. ಫ್ರೀಜರಿನ ಇಲಿ ಒಲ್ಲೆನೆಂದ ಹಾವಿಗೆ ಜೀವಂತ ಹ್ಯಾಮ್‌ಸ್ಟರ್ ಒಂದನ್ನು ಕೊಟ್ಟರು, ಹಾವು ಅದನ್ನು ಮುಟ್ಟಲಿಲ್ಲ, ಎರಡೂ ಒಂದೇ ಗೂಡಿನಲ್ಲಿ ಉಳಿದವು. ಸಿಬ್ಬಂದಿ ಹ್ಯಾಮ್‌ಸ್ಟರಿಗೆ ಇಟ್ಟ ಹೆಸರು 'ಗೋಹಾನ್', ಅಂದರೆ ಊಟ. ಲೋಕವೆಲ್ಲ ಅದನ್ನು ಗೆಳೆತನದ ಕಥೆಯೆಂದು ಓದಿತು. ನನಗೇನೋ ಅದು ಹಸಿವಿಲ್ಲದ ಹಾವಿನ ಕಥೆಯಂತೆ ಕಾಣುತ್ತದೆ.

ಆದರೆ ಹಾವಿನ ಉಪವಾಸವೊಂದೇ ಕಾರಣವಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೋರಿಯ ಹೆಗ್ಗಣವನ್ನು ಮೂರು ತಿಂಗಳು ಟಬ್ಬಿನಲ್ಲಿಟ್ಟರೆ ಯಾರೂ ಅದಕ್ಕೆ ಹೆಸರಿಡುವುದಿಲ್ಲ, ಅದು ಕೈ ಕಚ್ಚುತ್ತದೆ. ಟಬ್ಬಿನ ಈ ಇಲಿ ಕಚ್ಚುವುದಿಲ್ಲ. ಯಾಕೆ ಕಚ್ಚುವುದಿಲ್ಲ ಎಂದು ಕೇಳುತ್ತ ಹೋದರೆ ಇನ್ನೂರೈವತ್ತು ವರ್ಷ ಹಿಂದಕ್ಕೆ ಹೋಗಬೇಕಾಗುತ್ತದೆ.

ಜಪಾನಿನ ಒಸಾಕಾ, ಕ್ಯೋಟೊ ಪಟ್ಟಣಗಳಲ್ಲಿ ಹದಿನೆಂಟನೆಯ ಶತಮಾನದಲ್ಲಿ ಇಲಿ ಸಾಕುವುದು ಒಂದು ಶೋಕಿಯಾಗಿತ್ತು. ಅಲ್ಲಿ ಬಿಳಿ ಇಲಿ ಸಂಪತ್ತಿನ ದೇವರು ದೈಕೊಕುವಿನ ದೂತ. ಗಣಪನ ಮುಂದೆ ಇಲಿಗೆ ಕೈಮುಗಿದು ಅಡುಗೆಮನೆಯಲ್ಲಿ ಬೋನಿಡುವ ನಮಗೆ ಇದು ತೀರಾ ಅಪರಿಚಿತವಲ್ಲ. ಅವರು ಇನ್ನೊಂದು ಹೆಜ್ಜೆ ಮುಂದೆ ಹೋದರು. 1775ರಲ್ಲಿ ಒಸಾಕಾದಲ್ಲಿ, 1787ರಲ್ಲಿ ಕ್ಯೋಟೊದಲ್ಲಿ ಇಲಿ ಸಾಕಣೆಯ ಕೈಪಿಡಿಗಳೇ ಅಚ್ಚಾದವು. ಯಾವ ಬಣ್ಣಕ್ಕೆ ಯಾವುದನ್ನು ಜೋಡಿ ಮಾಡಬೇಕು, ಏನು ತಿನ್ನಿಸಬೇಕು ಎಂದು ಚಿತ್ರ ಸಮೇತ.

ಲಂಡನ್ನಿನಲ್ಲಿ ದಾರಿ ಬೇರೆಯಾಗಿತ್ತು. ಅಲ್ಲಿ ಇಲಿ ಜೂಜಿನ ಸರಕು. ಹೊಂಡದಲ್ಲಿ ಇಲಿಗಳನ್ನು ಸುರಿದು ಟೆರಿಯರ್ ನಾಯಿ ಬಿಟ್ಟು, ಎಷ್ಟು ನಿಮಿಷಕ್ಕೆ ಎಷ್ಟು ಕೊಲ್ಲುತ್ತದೆಂದು ಪಣ ಕಟ್ಟುತ್ತಿದ್ದರು. ವಿಕ್ಟೋರಿಯಾ ರಾಣಿಯ ಇಲಿ ಹಿಡಿಯುವವನೆಂದು ಹೇಳಿಕೊಳ್ಳುತ್ತಿದ್ದ ಜ್ಯಾಕ್ ಬ್ಲ್ಯಾಕ್ ತನ್ನ ಬಲೆಗೆ ಬಿದ್ದ ಬಿಳಿ, ಚುಕ್ಕೆ ಇಲಿಗಳನ್ನು ಮಾತ್ರ ಹೊಂಡಕ್ಕೆ ಕೊಡದೆ ಉಳಿಸಿಕೊಂಡು ಮರಿ ಮಾಡಿಸಿದ. ಕುಲೀನ ಮನೆಯ ಹುಡುಗಿಯರು ಅವನ್ನು ಕೊಂಡು ಅಳಿಲಿನ ಪಂಜರದಲ್ಲಿ ಸಾಕುತ್ತಿದ್ದರೆಂದು ಅವನೇ ಪತ್ರಕರ್ತ ಹೆನ್ರಿ ಮೇಹ್ಯೂಗೆ ಹೇಳಿದ್ದಾನೆ. ಮಕ್ಕಳ ಕಥೆಗಳ ಬಿಯಾಟ್ರಿಕ್ಸ್ ಪಾಟರ್ ಕೂಡ ಸ್ಯಾಮಿ ಎಂಬ ಬಿಳಿ ಇಲಿ ಸಾಕಿದ್ದಳು, 1908ರ ಒಂದು ಪುಸ್ತಕವನ್ನು ಅದಕ್ಕೇ ಅರ್ಪಿಸಿದಳು.

ತಲೆಮಾರಿನ ಮೇಲೆ ತಲೆಮಾರು ಹೀಗೆ ಆರಿಸಿ ಉಳಿಸಿದ್ದು ಅಂದವಾದದ್ದನ್ನು, ಕಚ್ಚದ್ದನ್ನು, ಕೈಮೇಲೆ ಕೂರುವುದನ್ನು. ವಿಜ್ಞಾನಿಗಳಿಗೂ ಬೇಕಾದದ್ದು ಅಂಥದೇ. 1906ರಲ್ಲಿ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಗೆ ಬಂದ ಬಿಳಿ ಇಲಿಗಳ ಸಂತತಿ ಲೋಕದ ಪ್ರಯೋಗಾಲಯಗಳನ್ನೆಲ್ಲ ತುಂಬಿತು.

ನಮ್ಮ ಕಡೆಯ ಕಥೆಯೂ ಒಂದಿದೆ, ಪೆರಂಬೂರಿನಲ್ಲಿ ಕೂತ ಕನ್ನಡಿಗನಿಗೆ ಅದು ಸ್ವಲ್ಪ ಚುಚ್ಚುವಂಥದ್ದು. ಮದರಾಸು ಪ್ರೆಸಿಡೆನ್ಸಿಯ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ವೈದ್ಯ 1920ರ ದಶಕದಲ್ಲಿ ಬಿಳಿ ಇಲಿಗಳನ್ನು ಏಳು ಗುಂಪು ಮಾಡಿ ಸಿಖ್, ಪಠಾಣ, ಮರಾಠ, ಗೂರ್ಖ, ಕನ್ನಡ, ಬಂಗಾಳಿ, ಮದರಾಸಿ ಊಟಗಳನ್ನು ತಿನ್ನಿಸಿದ. ಗೋಧಿ ರೊಟ್ಟಿ, ಹಾಲು, ಬೆಣ್ಣೆಯ ಸಿಖ್ ಇಲಿಗಳು ಎಲ್ಲಕ್ಕಿಂತ ದಷ್ಟಪುಷ್ಟ. ಮದರಾಸಿ ಅನ್ನದ ಇಲಿಗಳು ಎಲ್ಲಕ್ಕಿಂತ ಹಗುರ. ಕನ್ನಡದ ಇಲಿಗಳು ಮದರಾಸಿನವಕ್ಕಿಂತ ವಾಸಿ, ಹೇಳಿಕೊಳ್ಳುವಷ್ಟೇನಿಲ್ಲ. ಇನ್ನೊಂದು ಪ್ರಯೋಗದಲ್ಲಿ ಬಡ ಇಂಗ್ಲಿಷರ ಬಿಳಿ ಬ್ರೆಡ್ಡು, ಮಾರ್ಗರಿನ್, ಸಕ್ಕರೆ ಚಹಾ ಕೊಟ್ಟಾಗ ಇಲಿಗಳು ನೋಡಿಕೊಳ್ಳುವವರನ್ನೇ ಕಚ್ಚತೊಡಗಿದವು, ಕೊನೆಗೆ ತಮ್ಮಲ್ಲಿನ ದುರ್ಬಲವಾದವನ್ನು ಕೊಂದು ತಿಂದವು. ಒಂದು ಗುಂಪು ಸಂತೋಷವಾಗಿ ಬಾಳಿತು, ಇನ್ನೊಂದು ಅಸಂತೋಷವಾಗಿ ಎಂದೇ ಆತ ವಿವರಿಸುತ್ತಾನೆ. ದಿನಾ ತೂಕ ಹಾಕುವವನಿಗೂ ಆ ಮಾತು ತಪ್ಪಲಿಲ್ಲ, ನೋಡಿ. ಆ ಪ್ರಯೋಗಾಲಯವೇ 1958ರಲ್ಲಿ ಹೈದರಾಬಾದಿಗೆ ಹೋಗಿ ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ಹಾವಿನ ಆಹಾರವಾದದ್ದು ಈ ಸಾಲಿನ ಕೊನೆಯ ಕೆಲಸ. 1992ರಲ್ಲಿ ಅಮೆರಿಕದ ಬಾಬ್ ಕ್ಲಾರ್ಕ್ ಬಿಳಿಚು ಬಾಲ್ ಪೈಥಾನಿನ ಮರಿ ಮಾಡಿಸಿದ ಮೇಲೆ, ಒಸಾಕಾದವರು ಇಲಿಗೆ ಮಾಡಿದ್ದನ್ನೇ ಜನ ಹಾವಿಗೆ ಮಾಡತೊಡಗಿದರು: ಬಣ್ಣಕ್ಕಾಗಿ ಜೋಡಿ, ಅಪರೂಪಕ್ಕೆ ಬೆಲೆ. ಹೊಸ ಮುದ್ದಿನ ಪ್ರಾಣಿಗೆ ಹಳೆಯ ಮುದ್ದಿನ ಪ್ರಾಣಿ ಊಟವಾಯಿತು. ವ್ಯಾಪಾರದಲ್ಲಿ ಇಲಿಗೆ ಹೆಸರಿಲ್ಲ, ವಯಸ್ಸಿನ ಅಳತೆಯಿದೆ. ಕೂದಲು ಬಾರದ ಕೂಸು ಪಿಂಕಿ, ತುಪ್ಪಳ ಮೂಡಿದ್ದು ಫಜ್ಜಿ. ಕಣ್ಣು ಬಿಡಲು ಸುಮಾರು ಎರಡು ವಾರ ಬೇಕು. ಪಿಂಕಿ ಹಾಕುವಾಗ ಏನೂ ಅನ್ನಿಸುವುದಿಲ್ಲ, ಕಣ್ಣು ಬಿಟ್ಟ ಮೇಲೆ ಕಷ್ಟ ಎಂದು ನಮ್ಮ ಹುಡುಗನೇ ಒಮ್ಮೆ ಹೇಳಿದ್ದ.

ಕಾನೂನು ಏನನ್ನುತ್ತದೆ ಎಂದೂ ನೋಡಿದೆ. ಪ್ರಾಣಿಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ ಹಿಂದಿದ್ದವರು ಮದರಾಸಿನ ಕಲಾಕ್ಷೇತ್ರದ ರುಕ್ಮಿಣಿದೇವಿ ಅರುಂಡೇಲ್. ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದವರು, 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷೆಯಾದವರು. ಮನರಂಜನೆಗೆಂದೇ ಒಂದು ಪ್ರಾಣಿಯನ್ನು ಇನ್ನೊಂದರ ಬೇಟೆಯಾಗುವಂತೆ ಕೂಡಿಹಾಕುವುದು ಆ ಕಾಯ್ದೆಯಲ್ಲಿ ಅಪರಾಧ. ಮನುಷ್ಯರ ಆಹಾರಕ್ಕಾಗಿ ಕೊಲ್ಲುವುದಕ್ಕೆ, ಅನಗತ್ಯ ನೋವು ಕೊಡದಿದ್ದರೆ, ವಿನಾಯಿತಿಯಿದೆ. ಹಾವಿನ ಆಹಾರದ ಮಾತು ಆ ವಿನಾಯಿತಿಯಲ್ಲಿಲ್ಲ. ಹುಡುಗನ ಗೆಳೆಯರು ಶುಕ್ರವಾರ ಮೊಬೈಲ್ ಹಿಡಿದು ಮಹಡಿ ಹತ್ತುತ್ತಿದ್ದರು. ನಾನು ಇದನ್ನು ಹೇಳಿದ ಮೇಲೆ ಅವರು ಬರುವುದು ನಿಂತಿದೆ.

ಇನ್ನು ನನ್ನ ಶುಕ್ರವಾರ. ಟಬ್ಬಿನ ಮುಚ್ಚಳ ತೆಗೆದಾಗ ಎಲ್ಲಕ್ಕಿಂತ ಮೊದಲು ಕೈಗೆ ಬಂದದ್ದು ಕಪ್ಪು ತಲೆಯದ್ದೇ, ಅದಕ್ಕೆ ಅಭ್ಯಾಸ. ಅದನ್ನು ಬದಿಗೆ ಸರಿಸಿ ಒಂದು ಬಿಳಿಯದನ್ನು ಎತ್ತಿದೆ. ಎಡಗಿವಿಯ ಅಂಚು ಹರಿದಿತ್ತು. ಪೆಟ್ಟಿಗೆಯೊಳಗೆ ಬಿಟ್ಟೆ. ಅದು ಮೂಲೆಯಲ್ಲಿ ಕೂತು ಮುಖ ತೊಳೆದುಕೊಂಡಿತು. ಹಾವು ನಾಲಗೆ ಚಾಚಿ, ಹತ್ತಿರ ಬಂದು, ತಿರುಗಿ ನೀರಿನ ಬಟ್ಟಲಿನ ಹಿಂದೆ ಹೋಯಿತು. ಅರ್ಧ ಗಂಟೆ ಎಂದಿದ್ದ. ಗಡಿಯಾರ ನೋಡಿಕೊಂಡೇ ಕೂತಿದ್ದೆ. ಆಮೇಲೆ ಅದನ್ನು ತೆಗೆದು ಟಬ್ಬಿಗೆ ಹಾಕಿದೆ. ಮುಂದಿನ ಶುಕ್ರವಾರ ಬೇರೊಂದನ್ನು ಹಾಕಿದೆ, ಅದನ್ನು ಹಾವು ತಿಂದಿತು. ಎದ್ದು ಬಾಲ್ಕನಿಗೆ ಹೋಗದೆ ಪೂರ್ತಿ ನೋಡಿದೆ.

ಹುಡುಗ ವಾಪಸ್ ಬಂದು ಟಬ್ಬಿನೊಳಗೆ ಎಣಿಸಿದ. "ಐದಿದೆ, ಸರಿ," ಎಂದ.

"ಕಿವಿ ಹರಿದಿರೋದು ಬೇಡ," ಎಂದೆ.

ಅವನು ನಗಲಿಲ್ಲ. ಬಗ್ಗಿ ನೋಡಿ ಯಾವುದೆಂದು ಗುರುತು ಮಾಡಿಕೊಂಡ.