ಸ್ಟಾಲ್ ಅಂದ್ರೆ ಎಂಜಿನ್ ಬಂದ್ ಆಗೋದಲ್ಲ: ಪುಟ್ಟ ವಿಮಾನದಿಂದ ಜೋರು ವಿಮಾನಕ್ಕೆ ಏರುವವರು ತಿಳಿಯಬೇಕಾದ್ದು

2023ರ ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹಾರಿದ್ದ ತರಬೇತಿ ವಿಮಾನವೊಂದು ತಾಂತ್ರಿಕ ತೊಂದರೆಯಿಂದಾಗಿ ಹೊನ್ನಿಹಾಳ ಬಳಿಯ ಹೊಲದಲ್ಲಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು. ನಿಯಂತ್ರಣದಲ್ಲಿರುವ ವಿಮಾನ ಹೊಲಕ್ಕೆ ಇಳಿದರೂ ಜೀವ ಉಳಿಯುವ ಸಾಧ್ಯತೆ ಇರುತ್ತೆ. ಆದರೆ ಗಾಬರಿಯಲ್ಲಿ ಮೂತಿ ಮೇಲಕ್ಕೆಳೆದು, ಕಡಿಮೆ ಎತ್ತರದಲ್ಲಿ ಸ್ಟಾಲ್ ಮಾಡಿಕೊಂಡರೆ ಉಳಿಯೋದು ಕಷ್ಟ.

ಈ ವಿಷಯ ನಮಗ್ಯಾಕೆ? 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಹೊಸ ಪೈಲಟ್ ತರಬೇತಿ ಶಾಲೆಗಳಿಗೆ ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಕಲಬುರಗಿ ಎರಡೂ ಇದ್ದವು. ಗೋಕಾಕ, ಮೂಡಲಗಿ, ಹುಕ್ಕೇರಿಯ ಹುಡುಗ ಹುಡುಗಿಯರಿಗೆ ಪೈಲಟ್ ಕನಸು ಈಗ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಖರ್ಚು ಮಾತ್ರ ಹತ್ತಾರು ಲಕ್ಷ. ಅಷ್ಟು ದುಡ್ಡು ಕೊಟ್ಟು ಏನು ಕಲಿಯುತ್ತೇವೆ ಅಂತ ಕೇಳುವ ಹಕ್ಕು ಇದ್ದೇ ಇದೆ.

ಸ್ಟಾಲ್ ಅಂದ್ರೇನು?

ಕಾರಿನ ಭಾಷೆಯಲ್ಲಿ ಎಂಜಿನ್ ನಿಂತು ಹೋಗೋದು. ವಿಮಾನದಲ್ಲಿ ಹಾಗಲ್ಲ, ಎಂಜಿನ್ ಪೂರ್ತಿ ಜೋರಿನಲ್ಲಿದ್ದಾಗಲೂ ಸ್ಟಾಲ್ ಆಗಬಹುದು. ರೆಕ್ಕೆಗೂ ಎದುರು ಬರುವ ಗಾಳಿಗೂ ನಡುವಿನ ಕೋನ ಸುಮಾರು 15ರಿಂದ 18 ಡಿಗ್ರಿ ದಾಟಿದರೆ ರೆಕ್ಕೆಯ ಮೇಲ್ಭಾಗದ ಗಾಳಿ ಕಿತ್ತು ಚದುರುತ್ತದೆ, ಎತ್ತುವ ಶಕ್ತಿ ಕುಸಿಯುತ್ತದೆ. ಕಾರಣ ಕೋನ, ವೇಗವಲ್ಲ. ವೇಗದ ಮೀಟರ್ ಆ ಕೋನದ ಬಗ್ಗೆ ಕೊಡೋದು ಬರೀ ಸುಳಿವು.

ತಿರುವಿನಲ್ಲಿ ಆ ಸುಳಿವೂ ಬದಲಾಗುತ್ತದೆ. ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿ ತಿರುಗಿದರೆ ಸ್ಟಾಲ್ ವೇಗ ಶೇ 19ರಷ್ಟು ಏರುತ್ತದೆ. 60 ಡಿಗ್ರಿಗೆ ಶೇ 41.

ಜೋರು ವಿಮಾನದಲ್ಲಿ ಏನು ಬದಲಾಗುತ್ತೆ?

ಅಮೆರಿಕದ ನಿಯಮದಲ್ಲಿ 200 ಅಶ್ವಶಕ್ತಿ ಮೀರಿದ ಎಂಜಿನ್ ಇದ್ದರೆ ಅದು 'ಹೈ ಪರ್ಫಾರ್ಮೆನ್ಸ್' ವಿಮಾನ, ಅದಕ್ಕೆ ಪ್ರತ್ಯೇಕ ತರಬೇತಿ ಬೇಕು. ಕಲಿಕೆಗೆ ಹೆಸರಾದ ಸೆಸ್ನಾ 172ರ ಈಗಿನ ಮಾದರಿಗೆ 180 ಅಶ್ವಶಕ್ತಿ, ಸಿರಸ್ ಎಸ್‌ಆರ್‌22ಗೆ 310. ಫ್ಲ್ಯಾಪ್ ಪೂರ್ತಿ ಇಳಿಸಿದಾಗ ಸೆಸ್ನಾ ಸುಮಾರು 48 ನಾಟ್‌ನಲ್ಲಿ ಸ್ಟಾಲ್ ಆದರೆ, ಸಿರಸ್ ಸುಮಾರು 60ರಲ್ಲಿ. ವ್ಯತ್ಯಾಸ ಬರೀ 12 ನಾಟ್ ಅನ್ನಿಸಬಹುದು. ಆದರೆ ಬಡಿತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಒಂದೇ ತೂಕಕ್ಕೆ ಲೆಕ್ಕ ಹಾಕಿದರೂ ಒಂದೂವರೆ ಪಟ್ಟು ಹೆಚ್ಚು. ಘಟಪ್ರಭಾ ದಂಡೆಯ ಕಬ್ಬಿನ ಹೊಲಕ್ಕೆ ಇಳಿಯಬೇಕಾದರೆ ಈ ಲೆಕ್ಕ ತುಂಬಾ ಮುಖ್ಯ.

ಎರಡನೆಯದು, ಥ್ರಾಟಲ್. ಇಳಿಯುವುದನ್ನು ಕೈಬಿಟ್ಟು ಮತ್ತೆ ಏರಲು 310 ಅಶ್ವಶಕ್ತಿಯನ್ನು ಒಮ್ಮೆಲೇ ತೆರೆದರೆ ಮೂತಿ ಮೇಲೇಳುತ್ತದೆ, ಎಡಕ್ಕೂ ಎಳೆಯುತ್ತದೆ. ಬಲಗಾಲಿನಿಂದ ರಡ್ಡರ್ ಒತ್ತದಿದ್ದರೆ ಒಂದು ರೆಕ್ಕೆ ಮೊದಲು ಸ್ಟಾಲ್ ಆಗಿ, ವಿಮಾನ ಗಿರಕಿ ಹೊಡೆಯುತ್ತಾ ಬೀಳಬಹುದು. ಅದೇ ಸ್ಪಿನ್. ಚಿಕ್ಕ ಎಂಜಿನ್‌ನಲ್ಲಿ ಕಾಲಿಗೆ ಇಷ್ಟು ಕೆಲಸ ಇರೋದಿಲ್ಲ.

ಮೂರನೆಯದು ನಮ್ಮ ಬಿಸಿಲು. ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿದೆ. ತಾಪಮಾನ 36 ಡಿಗ್ರಿ ಮುಟ್ಟಿದರೆ ಅಲ್ಲಿನ ಗಾಳಿ ಸುಮಾರು 5,600 ಅಡಿ ಎತ್ತರದಲ್ಲಿ ಇರುವಷ್ಟು ತೆಳುವಾಗುತ್ತದೆ. ಮೀಟರಿನಲ್ಲಿ ಕಾಣುವ ಸ್ಟಾಲ್ ವೇಗ ಬದಲಾಗಲ್ಲ. ಆದರೆ ವಿಮಾನದ ನಿಜವಾದ ವೇಗ ಹೆಚ್ಚಿರುತ್ತದೆ, ತಿರುವು ಅಗಲವಾಗುತ್ತದೆ, ನೆಲ ಜೋರಾಗಿ ಓಡಿದಂತೆ ಕಾಣುತ್ತದೆ. 'ವೇಗ ಜಾಸ್ತಿ ಆಯ್ತು' ಅಂತ ಮೂತಿ ಎಳೆದವರು, ರನ್‌ವೇ ದಾಟಿಹೋಗ್ತೇನೆ ಅಂತ ತಿರುವನ್ನು ಬಿಗಿ ಮಾಡಿದವರು ತಾವಾಗಿಯೇ ಸ್ಟಾಲ್‌ಗೆ ಹತ್ತಿರವಾಗುತ್ತಾರೆ.

ಪ್ಯಾರಾಶೂಟ್ ಇದ್ದರೆ ಸಾಕಾ?

ಸಿರಸ್‌ನಲ್ಲಿ ಇಡೀ ವಿಮಾನವನ್ನೇ ಹೊತ್ತು ಇಳಿಸುವ ಪ್ಯಾರಾಶೂಟ್ ಇದೆ. ಸ್ಪಿನ್ ಆದರೆ ಅದನ್ನೇ ಎಳೆಯಿರಿ ಅನ್ನುತ್ತದೆ ಅದರ ಕೈಪಿಡಿ. ಆದರೆ ಸ್ಪಿನ್‌ನಿಂದ ಹೀಗೆ ಪಾರಾಗಲು ಸುಮಾರು 1,000 ಅಡಿ ಎತ್ತರ ಬೇಕು. ರನ್‌ವೇಗೆ ಕೊನೆಯ ತಿರುವು ತಗೊಳ್ಳುವಾಗ ಅಷ್ಟು ಎತ್ತರ ಇರೋದಿಲ್ಲ.

ಬೆಂಗಳೂರಿನ ಎಚ್‌ಎಎಲ್‌ನ ಎಚ್‌ಟಿಟಿ-40 ತರಬೇತಿ ವಿಮಾನದ ಕಥೆ ನೋಡಿ. ಮೊದಲ ಹಾರಾಟ 2016ರ ಮೇ 31. ಸ್ಪಿನ್ ಪರೀಕ್ಷೆಗೆಂದು ಬಾಲದ ವಿನ್ಯಾಸವನ್ನೇ ತಿದ್ದಬೇಕಾಯಿತು. ಎಡಕ್ಕೂ ಬಲಕ್ಕೂ ಆರು ಸುತ್ತು ಸ್ಪಿನ್ ಆಗಿ ಹೊರಬರುವ ಪರೀಕ್ಷೆ ಮುಗಿದದ್ದು 2021ರಲ್ಲಿ. ವಿಮಾನ ಕಟ್ಟುವವರೇ ಇದಕ್ಕೆ ವರ್ಷಗಟ್ಟಲೆ ಸಮಯ ಕೊಡುತ್ತಾರೆ. ಹಾರಿಸುವವರಿಗೆ ಒಂದೆರಡು ಪಾಠ ಸಾಕು ಅನ್ನೋದು ಯಾವ ನ್ಯಾಯ?

ಆಗಿಬಿಟ್ಟರೆ ಏನು ಮಾಡಬೇಕು?

ಮೊದಲು ಕಂಟ್ರೋಲನ್ನು ಮುಂದಕ್ಕೆ ಒತ್ತಿ ಕೋನ ಇಳಿಸಬೇಕು. ನೆಲ ಎದುರಿಗೇ ಕಾಣುವಾಗ ಮೂತಿ ಕೆಳಗೆ ಮಾಡಲು ಮನಸ್ಸು ಒಪ್ಪಲ್ಲ, ಅದಕ್ಕೇ ಪದೇ ಪದೇ ಅಭ್ಯಾಸ ಬೇಕಾಗೋದು. ಆಮೇಲೆ ರೆಕ್ಕೆ ಸಮ ಮಾಡಿ, ರಡ್ಡರ್‌ನಿಂದ ನೇರ ಹಿಡಿದು, ನಿಧಾನಕ್ಕೆ ಶಕ್ತಿ ಕೊಡಬೇಕು. ಆಯಾ ವಿಮಾನದ ಕೈಪಿಡಿ ಹೇಳುವ ಕ್ರಮವೇ ಅಂತಿಮ, ಕಲಿಯಬೇಕಾದ್ದು ಬೋಧಕರ ಜೊತೆ, ಸಾಕಷ್ಟು ಎತ್ತರದಲ್ಲಿ.

ಕೇಳಬೇಕಾದ ಪ್ರಶ್ನೆಗಳು

ನಮ್ಮಲ್ಲಿ ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಗಂಟೆ ಎಣಿಸೋದು ಸುಲಭ, ಕಲಿಕೆ ಅಳೆಯೋದು ಕಷ್ಟ. ಆದ್ದರಿಂದ ಫೀಸು ಕಟ್ಟುವ ಮೊದಲು ಕೇಳಿ: ತಿರುವಿನಲ್ಲಿ, ಪೂರ್ತಿ ಶಕ್ತಿಯಲ್ಲಿ ಸ್ಟಾಲ್ ಆದರೆ ಹೊರಬರೋದನ್ನು ಎಷ್ಟು ಸಲ ಮಾಡಿಸುತ್ತೀರಿ? ಸ್ಪಿನ್ ತೋರಿಸುತ್ತೀರಾ, ಅದಕ್ಕೆ ಒಪ್ಪಿಗೆ ಇರುವ ವಿಮಾನ ನಿಮ್ಮಲ್ಲಿದೆಯಾ? ದೊಡ್ಡ ಎಂಜಿನ್‌ಗೆ ಏರಿಸುವಾಗ ಬೋಧಕರ ಜೊತೆ ಎಷ್ಟು ಗಂಟೆ?

ಇದೇ ಪ್ರಶ್ನೆಗಳನ್ನು ನಮ್ಮ ಸಂಸದರೂ ವಿಮಾನಯಾನ ನಿರ್ದೇಶನಾಲಯಕ್ಕೆ ಕೇಳಲಿ. ಎಷ್ಟು ಪೈಲಟ್‌ಗಳನ್ನು ತಯಾರು ಮಾಡಿದ್ದೇವೆ ಅನ್ನೋ ಅಂಕಿ ಜೊತೆಗೆ, ಅವರಿಗೆ ಏನು ಕಲಿಸಿದ್ದೇವೆ ಅನ್ನೋದೂ ಜನರ ಮುಂದೆ ಬರಬೇಕು.