ಗುಂಡಿಗೆ ಎದೆಯೊಡ್ಡಿದ ಪ್ಲಾಸ್ಟಿಕ್

ಬಟ್ಟೆ ಒಣಹಾಕುವ ನೈಲಾನ್ ಹಗ್ಗಕ್ಕೂ ಇಲ್ಲಿ ಅಮೆರಿಕದ ಪೊಲೀಸರು ಸಮವಸ್ತ್ರದೊಳಗೆ ತೊಡುವ ಕೆವ್ಲಾರ್ ಕವಚಕ್ಕೂ ದಾಯಾದಿ ಸಂಬಂಧವಿದೆ. ಎರಡೂ ಪಾಲಿಅಮೈಡ್ ಎಂಬ ಒಂದೇ ಪ್ಲಾಸ್ಟಿಕ್ ವಂಶದವು. ಕೊರಿಯಾ ಯುದ್ಧದ ಕಾಲದಲ್ಲೇ ಅಮೆರಿಕದ ಸೈನ್ಯ 12 ಪದರ ನೈಲಾನಿನ ಕವಚ ಮಾಡಿಸಿತ್ತು. ಅದು ಬಾಂಬಿನ ಚೂರುಗಳನ್ನು ತಡೆಯುತ್ತಿತ್ತು. ರೈಫಲ್ ಗುಂಡಿನೆದುರು ನಿಲ್ಲುತ್ತಿರಲಿಲ್ಲ.

1965ರಲ್ಲಿ ಡುಪಾಂಟ್ ಕಂಪನಿಯ ಸ್ಟೆಫನಿ ಕ್ವೊಲೆಕ್ ಹುಡುಕುತ್ತಿದ್ದುದು ಕವಚವನ್ನಲ್ಲ, ಟೈರಿಗೆ ಬೇಕಾದ ಹಗುರವಾದ ಗಟ್ಟಿ ನೂಲನ್ನು. ಸಿಕ್ಕಿದ ದ್ರಾವಣ ಮಜ್ಜಿಗೆಯಂತೆ ತೆಳ್ಳಗೆ, ಮಸುಕಾಗಿತ್ತು. ನೂಲುವ ಯಂತ್ರದ ರಂಧ್ರಗಳು ಕಟ್ಟಿಕೊಂಡಾವೆಂದು ತಂತ್ರಜ್ಞ ಹಿಂಜರಿದ. ಆಕೆ ಪಟ್ಟು ಬಿಡಲಿಲ್ಲ. ಹೊರಬಂದ ನೂಲು, ತೂಕಕ್ಕೆ ತೂಕ ಇಟ್ಟು ನೋಡಿದರೆ, ಉಕ್ಕಿನ ಐದು ಪಟ್ಟು ಬಲದ್ದು. ಅದೇ ಕೆವ್ಲಾರ್.

ಅದನ್ನು ಗುಂಡಿಗೆ ಒಡ್ಡಿದವರಲ್ಲಿ ಮೊದಲಿಗರು ನ್ಯಾಯ ಇಲಾಖೆಯ ಲೆಸ್ಟರ್ ಶೂಬಿನ್. ಟೈರಿನ ಈ ಬಟ್ಟೆಯನ್ನು ಮಡಿಸಿ ಟೆಲಿಫೋನ್ ಡೈರೆಕ್ಟರಿಗೆ ಹೊದಿಸಿ ಗುಂಡು ಹಾರಿಸಿದರು. ಗುಂಡು ಒಳಹೋಗಲಿಲ್ಲ. ಮುಂದೆ ಆಡುಗಳಿಗೆ ತೊಡಿಸಿಯೂ ಪರೀಕ್ಷೆ ನಡೆಯಿತು. 1975ರಲ್ಲಿ 15 ನಗರಗಳ ಪೊಲೀಸರಿಗೆ ಕವಚ ಹಂಚಿದರು. ಅದೇ ಡಿಸೆಂಬರಿನಲ್ಲಿ ಸಿಯಾಟಲ್‌ನ ಅಧಿಕಾರಿಯೊಬ್ಬರ ಜೀವ ಉಳಿಯಿತು.

ಪರೀಕ್ಷೆಗೂ ಒಂದು ಕ್ರಮ ಬಂತು. ಕವಚದ ಹಿಂದೆ ಶಿಲ್ಪಿಗಳು ಬಳಸುವಂಥ ಜೇಡಿ ಇಟ್ಟು ಗುಂಡು ಹೊಡೆಯುವುದು, ಜೇಡಿಯಲ್ಲಿ ಬಿದ್ದ ಕುಳಿ ಅಳೆಯುವುದು. ಕುಳಿ 44 ಮಿಲಿಮೀಟರ್ ಮೀರಿದರೆ ಕವಚ ಅನುತ್ತೀರ್ಣ. ಗುಂಡು ನಿಂತರೂ ಅದರ ಪೆಟ್ಟು ಒಳಗೆ ಇಳಿಯುತ್ತದಲ್ಲ!

ಆಮೇಲೆ ಜೈಲಾನ್ ಬಂತು. ಕೆವ್ಲಾರ್‌ಗಿಂತ ಗಟ್ಟಿ, ಅದರ ಕವಚ ಇನ್ನೂ ಹಗುರ. ಹೊಸ ಕವಚಗಳು ಪರೀಕ್ಷೆಯಲ್ಲಿ ಪಾಸಾದವು. ಆದರೆ 2003ರ ಜೂನ್‌ನಲ್ಲಿ ಪೆನ್ಸಿಲ್ವೇನಿಯದ ಪೊಲೀಸ್ ಅಧಿಕಾರಿಯೊಬ್ಬರ ಜೈಲಾನ್ ಕವಚವನ್ನು ಗುಂಡು ತೂರಿಹೋಯಿತು; ಅವರು ಗಾಯಗೊಂಡು ಬದುಕಿದರು. ಕವಚಕ್ಕೆ ಒಂದು ವರ್ಷವೂ ತುಂಬಿರಲಿಲ್ಲ. ಸರ್ಕಾರ ಬಳಸಿದ ಕವಚಗಳನ್ನೇ ತರಿಸಿ ಪರೀಕ್ಷಿಸಿತು. 103ರಲ್ಲಿ 60ನ್ನು ಗುಂಡು ತೂರಿತು. ಎಲ್ಲ ಅಳತೆಗೂ ಸರಿಹೊಂದಿದವು ನಾಲ್ಕೇ. ತೇವಾಂಶ ಆ ನೂಲಿನ ಅಣುಗಳ ಬೆಸುಗೆಯನ್ನು ಕಣ್ಣಿಗೆ ಕಾಣದಂತೆ ಬಿಡಿಸಿತ್ತು. 2005ರಲ್ಲಿ ಜೈಲಾನ್ ಕವಚಗಳ ಮಾನ್ಯತೆ ರದ್ದಾಯಿತು.

ನಾನು ಲೆಕ್ಕಪರಿಶೋಧಕ. ನಮ್ಮ ಪುಸ್ತಕಗಳಲ್ಲಿ ಕುರ್ಚಿಗೂ ವರ್ಷಕ್ಕಿಷ್ಟೆಂದು ಸವಕಳಿ ಬರೆಯುತ್ತೇವೆ. ಒಬ್ಬ ಮನುಷ್ಯ ಬೆವರುತ್ತ ದಿನವಿಡೀ ತೊಡುವ ಕವಚದ ಲೆಕ್ಕದಲ್ಲಿ ಆ ಒಂದು ಸಾಲು ಬಿಟ್ಟುಹೋಗಿತ್ತು. ಯಾರೂ ಸುಳ್ಳು ಪ್ರಮಾಣಪತ್ರ ಬರೆಯಬೇಕಾಗಿರಲಿಲ್ಲ. ಹೊಸದನ್ನು ಮಾತ್ರ ನೋಡಿ ಸಹಿ ಹಾಕಿದರೆ ಸಾಕಿತ್ತು.

2008ರ ಹೊಸ ನಿಯಮದಲ್ಲಿ ಆ ಸಾಲು ಸೇರಿತು. ಈಗ ಮಾದರಿ ಕವಚಗಳನ್ನು 65 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ, ಶೇಕಡಾ 80ರಷ್ಟು ತೇವದಲ್ಲಿ ಹತ್ತು ದಿನ ಉರುಳಾಡಿಸುತ್ತಾರೆ. ಗುಂಡು ಹೊಡೆಯುವುದು ಅದಾದ ಮೇಲೆ.